ಹಬ್ಬದ ದಿನ ಕೆಂಪಾದ ಘಾಟಿ

ಸಿಯೋಲ್ ನಗರದಲ್ಲಿ ಬೆಳಗಾದರೆ ಲಕ್ಷಾಂತರ ಜನ ಹೆಂಡತಿ ಮಕ್ಕಳ ಮುಖ ನೋಡುವ ಮೊದಲು ಗಿಹೊನ ಕಂಪನಿಯ ಆ್ಯಪ್ ನೋಡುತ್ತಾರೆ. ಯಾವ ಸೇತುವೆ ಕೆಂಪು, ಯಾವ ಸುರಂಗ ಹಳದಿ, ಯಾವ ರಸ್ತೆ ಹಸಿರು ಎಂದು ಅದು ಅಪ್ಪಣೆ ಕೊಡಿಸಿದ ಮೇಲೆಯೇ ಅವರು ಬೂಟಿಗೆ ಕಾಲು ತೂರಿಸುವುದು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಹೇಳುತ್ತಿದ್ದರು. ಈಗಿನವರು ಕಣ್ಣಿಗೆ ಆ ಕಷ್ಟವನ್ನೇ ಕೊಡುವುದಿಲ್ಲ. ಕಿಟಕಿಯ ಹೊರಗೆ ರಸ್ತೆ ಬಿಕೋ ಎನ್ನುತ್ತಿದ್ದರೂ ಫೋನು ಕೆಂಪು ತೋರಿಸಿದರೆ ಬೂಟು ಬಿಚ್ಚಿಟ್ಟು ಇನ್ನೊಂದು ಕಪ್ ಕಾಫಿ ಕುಡಿಯುತ್ತಾರೆ.

ಗಿಹೊ ಆ ಕಂಪನಿಯಲ್ಲಿ ಹಳ್ಳಿ ರಸ್ತೆಗಳ ವಿಭಾಗದ ಮುಖ್ಯಸ್ಥ. ಬೇರೆ ಯಾರಿಗೂ ಬೇಡವಾಗಿದ್ದ ವಿಭಾಗ, ಆದ್ದರಿಂದ ಸಜ್ಜನನಾದ ಅವನ ತಲೆಗೆ ಬಂದಿತ್ತು. ಸಜ್ಜನ ಎನ್ನುವುದು ಅವನ ಬಗ್ಗೆ ಎಲ್ಲರೂ ಹೇಳುವ ಮಾತು. ಯಾರಿಗೂ ಇಲ್ಲ ಅನ್ನುವವನಲ್ಲ, ಯಾರ ಎದುರೂ ದನಿ ಎತ್ತುವವನಲ್ಲ. ಅಂಥವರಿಂದ ಲೋಕಕ್ಕೆ ಎಷ್ಟು ತೊಂದರೆ ಎನ್ನುವುದನ್ನು ಅವರ ಹೆಂಡಂದಿರನ್ನು ಕೇಳಬೇಕು. ನಾಡಿಗೆಲ್ಲ ದಾರಿ ತೋರಿಸುವ ಈ ಮನುಷ್ಯನಿಗೆ ಹಳ್ಳಿಯಲ್ಲಿರುವ ತನ್ನ ಅಮ್ಮನ ಮನೆಯಿಂದ ಹೆಂಡತಿಯ ತವರಿಗೆ ಹೋಗುವ ದಾರಿ ಮಾತ್ರ ಮದುವೆಯಾದ ಐದು ವರ್ಷಗಳಲ್ಲಿ ಒಮ್ಮೆಯೂ ಹಬ್ಬದ ದಿನ ಸಿಕ್ಕಿರಲಿಲ್ಲ.

ಸುಗ್ಗಿಯ ಹುಣ್ಣಿಮೆಯ ಚುಸೊಕ್ ಹಬ್ಬದ ಕಟ್ಟಳೆ ಎಲ್ಲರಿಗೂ ಗೊತ್ತಿರುವುದೇ. ಬೆಳಗ್ಗೆ ಗಂಡನ ಮನೆಯಲ್ಲಿ ಹಿರಿಯರಿಗೆ ಎಡೆ ಇಡಬೇಕು, ಸಮಾಧಿಗೆ ಹೋಗಿ ಅಡ್ಡಬಿದ್ದು ಬರಬೇಕು, ಮಧ್ಯಾಹ್ನದ ಮೇಲೆ ಹೆಂಡತಿಯನ್ನು ಅವಳ ತವರಿಗೆ ಕರೆದುಕೊಂಡು ಹೋಗಬೇಕು. ಈಗಿನ ಕಾಲದಲ್ಲಿ ಇದಕ್ಕೆ ಯಾವ ಅತ್ತೆಯೂ ಬೇಡ ಎನ್ನುವುದಿಲ್ಲ. ಗಿಹೊನ ಅಮ್ಮನೂ ಎಂದೂ ಬೇಡ ಎಂದವಳಲ್ಲ. ಸೊಸೆ ಸೆರಿನ್ ಪಾತ್ರೆ ತೊಳೆದು ಕೈ ಒರೆಸಿಕೊಳ್ಳುವ ಹೊತ್ತಿಗೆ ಸರಿಯಾಗಿ ಆಕೆ ಮಗನ ಕಡೆ ತಿರುಗುತ್ತಿದ್ದಳು.

"ಹೋಗೋರಂತೆ, ನಾನ್ಯಾಕೆ ಬೇಡ ಅನ್ಲಿ. ಆದ್ರೆ ಈ ಹೊತ್ನಲ್ಲಿ ದಾರಿ ಹೆಂಗೈತೋ ಏನೋ. ನೀನೇ ನೋಡಿ ಹೇಳಪ್ಪ, ಅದೇ ತಾನೆ ನಿನ್ ಕೆಲಸ."

ಗಿಹೊ ಫೋನು ತೆಗೆದು, ಹುಬ್ಬು ಗಂಟಿಕ್ಕಿ, ರೋಗಿಯ ಮನೆಯವರ ಎದುರು ಡಾಕ್ಟರು ನಿಲ್ಲುವಂತೆ ನಿಂತು, "ಹೂಂ, ತುಂಬಾ ಕೆಂಪಿದೆ" ಎನ್ನುತ್ತಿದ್ದ.

"ನೋಡಿದ್ಯಾ ಮಗಳೇ, ನಾನಲ್ಲ ಹೇಳಿದ್ದು, ಫೋನು ಹೇಳಿದ್ದು. ಸಂಜೆಗೆ ಹೆಂಗೂ ಗಿರಾನ್ ಬತ್ತಾಳೆ. ನಾದಿನಿ ಮುಖ ನೋಡ್ಕಂಡು, ನಾಕು ಮಾತಾಡ್ಕಂಡು, ನಾಳೆ ತಣ್ಣಗೆ ಹೋಗಿ."

ಗಿರಾನ್ ಎಂದರೆ ಆಕೆಯ ಮಗಳು, ಗಿಹೊನ ತಂಗಿ. ಚೊಂಜು ನಗರದ ಗಂಡನ ಮನೆಯಲ್ಲಿ ಎಡೆ ಮುಗಿಸಿ ಹಬ್ಬದ ಮಧ್ಯಾಹ್ನವೇ ತವರಿಗೆ ಬಂದುಬಿಡುತ್ತಿದ್ದಳು. ಮಗಳು ಬರುವಾಗ ಖಾಲಿ ಇರುವ ದಾರಿ ಸೊಸೆ ಹೊರಡುವಾಗ ಹೇಗೆ ಕಟ್ಟಿಕೊಳ್ಳುತ್ತದೆ ಎಂದು ಆ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ನಾದಿನಿ ಬಂದಳೆಂದರೆ ಸೆರಿನ್ ಹಬ್ಬದ ದೊಡ್ಡ ಪಿಯರ್ ಹಣ್ಣುಗಳ ಸಿಪ್ಪೆ ಹೆರೆಯಬೇಕು, ಹಿಂದಿನ ದಿನ ಕರಿದ ಜೊನ್ ಎಂಬ ಬಜ್ಜಿಯಂಥ ತಿಂಡಿಯನ್ನು ಬಿಸಿ ಮಾಡಬೇಕು, ಕೆಸುವಿನ ಗೆಡ್ಡೆಯ ಸಾರಿಗೆ ನೀರು ಹಾಕಿ ಹೆಚ್ಚಿಸಬೇಕು. ಕೈ ಕೆಸರಾದರೆ ಬಾಯಿ ಮೊಸರು ಎನ್ನುವ ಗಾದೆ ಆ ಮನೆಯಲ್ಲಿ ಚಾಚೂ ತಪ್ಪದೆ ನಡೆಯುತ್ತಿತ್ತು. ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ.

ಮೊದಲ ವರ್ಷ ಗಿಹೊ ಹೇಳಿದ್ದು ಅರ್ಧ ನಿಜವಾಗಿತ್ತು. ಆ ಹೊತ್ತಿಗೆ ಸಿಯೋಲ್ ಕಡೆಯ ಹೆದ್ದಾರಿ ನಿಜಕ್ಕೂ ಕೆಂಪಾಗಿರುತ್ತದೆ. ಆದರೆ ಸೆರಿನ್‌ಳ ತವರು ಯೊಸು, ಸಮುದ್ರದ ದಂಡೆಯ ಊರು, ಸಿಯೋಲ್‌ಗೆ ಸರಿಯಾಗಿ ಬೆನ್ನು ಹಾಕಿ ಹೋಗಬೇಕಾದ ದಿಕ್ಕು. ಎರಡನೆಯ ವರ್ಷ ಅವನು ಆ ದಿಕ್ಕಿನ ನಕ್ಷೆಯನ್ನು ನೋಡಿದ, ಹಚ್ಚಹಸಿರಾಗಿತ್ತು, ಆದರೂ ಅಮ್ಮನ ಮುಖ ನೋಡಿ ಕೆಂಪು ಎಂದ. ಮೂರನೆಯ ವರ್ಷದಿಂದ ನಕ್ಷೆ ತೆರೆಯುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಸೆರಿನ್ ನಂಬಿದಳು. ಸಿಯೋಲ್‌ನ ಒಂದು ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುವ ಅವಳು ಹಲ್ಲಿನ ವಿಷಯದಲ್ಲಿ ಯಾರನ್ನೂ ನಂಬುವವಳಲ್ಲ. ಆದರೆ ದಾರಿಯ ವಿಷಯದಲ್ಲಿ ದಾರಿಯ ಕಂಪನಿಯಲ್ಲೇ ಸಂಬಳ ತೆಗೆದುಕೊಳ್ಳುವ ಗಂಡನನ್ನು ನಂಬದೆ ಇನ್ಯಾರನ್ನು ನಂಬುವುದು. ಹಬ್ಬದ ದಿನ ಅವಳ ಎರಡೂ ಕೈ ಎಣ್ಣೆಯಲ್ಲಿರುತ್ತಿದ್ದರಿಂದ ಫೋನು ಮುಟ್ಟಿ ನೋಡುವ ಹಾಗೂ ಇರುತ್ತಿರಲಿಲ್ಲ.

ಈ ವರ್ಷ ಮಾತು ಬೇರೆಯಾಗಿತ್ತು. ಸೆರಿನ್‌ಳ ತಂಗಿ ಸೆಯುನ್ ಸರಕು ಹಡಗಿನಲ್ಲಿ ಎಂಜಿನಿಯರು. ಕಳೆದ ಮೂರು ಹಬ್ಬಗಳನ್ನು ಅವಳು ಸಮುದ್ರದ ಮೇಲೆ ಡಬ್ಬಿ ಮೀನು ತಿಂದು ಕಳೆದಿದ್ದಳು. ಈ ಸಲ ಹಬ್ಬಕ್ಕೆ ದಡದಲ್ಲಿದ್ದಳು, ಆದರೆ ಅದೇ ರಾತ್ರಿ ಪಕ್ಕದ ಬಂದರಿನಲ್ಲಿ ಹಡಗು ಹತ್ತಬೇಕಿತ್ತು. ಹತ್ತಿದರೆ ಮುಂದಿನ ಬೇಸಿಗೆಯವರೆಗೆ ಮುಖ ಕಾಣುವುದಿಲ್ಲ. ಇವರ ಅಮ್ಮ ಮೀನು ಮಾರುಕಟ್ಟೆಯಲ್ಲಿ ನಸುಕಿನಿಂದ ನಿಲ್ಲುತ್ತಿದ್ದ ಕಾಲದಲ್ಲಿ ಆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದವಳು ಸೆರಿನ್. ಸಿಯೋಲ್‌ನಿಂದ ಹೊರಟ ಕಾರಿನಲ್ಲಿ ಅವಳು ಗಂಡನಿಗೆ ಹೇಳಿದ್ದು ಒಂದೇ ಮಾತು.

"ರೀ, ಈ ಸಲ ಸಂಜೆ ಊಟಕ್ಕೆ ನಾನು ಯೊಸುನಲ್ಲಿ ಇರ್ಬೇಕು. ಕೆಂಪೋ ಹಸಿರೋ ನಂಗೊತ್ತಿಲ್ಲ. ಗುಡ್ಡ ಕುಸಿದಿದ್ರೆ ಹತ್ತಿ ಇಳಿದು ಹೋಗೋಣ."

"ಖಂಡಿತ ಹೋಗೋಣ" ಎಂದ ಸಜ್ಜನ.

"ಖಂಡಿತ ಅನ್ಬೇಡಿ. ಖಂಡಿತ ಅಂತ ಪ್ರತಿ ವರ್ಷ ಅಂದಿದೀರಿ. ಬರೀ ಹೂಂ ಅನ್ನಿ."

"ಹೂಂ" ಎಂದ.

ಹಬ್ಬದ ಬೆಳಗ್ಗೆ ಎಲ್ಲ ಕ್ರಮದಂತೆ ನಡೆಯಿತು. ಗಿಹೊ ತೀರಿಹೋದ ಅಪ್ಪನಿಗೂ ಅಜ್ಜ ಮುತ್ತಜ್ಜರಿಗೂ ಎಡೆ ಇಟ್ಟು ಅಡ್ಡಬಿದ್ದ. ಸತ್ತವರು ಸಾವಕಾಶವಾಗಿ ಉಣ್ಣಲಿ ಎಂದು ಬಾಗಿಲು ಮರೆಮಾಡಿ ಎಲ್ಲರೂ ಹೊರಗೆ ನಿಂತರು. ಬದುಕಿರುವ ಸೊಸೆ ಮಾತ್ರ ನಸುಕಿನಿಂದ ಒಂದು ಸೊಂಗ್‌ಪ್ಯೊನ್ ಕಡುಬನ್ನೂ ಬಾಯಿಗೆ ಹಾಕಿಕೊಂಡಿರಲಿಲ್ಲ. ಸಮಾಧಿಯ ಗುಡ್ಡ ಹತ್ತಿ ಇಳಿದು ಬಂದು, ಊಟವಾಗಿ, ಅವಳು ಪಾತ್ರೆಗಳ ಮುಂದೆ ಕೂತಾಗ ಗಿಹೊ ಜಗುಲಿಯಲ್ಲಿ ಕಾಲು ಚಾಚಿದ. ಅಮ್ಮ ಯಾಕೋ ಹಬ್ಬದ ಉಡುಪಾದ ಹನ್‌ಬೊಕ್ ಸರಿಮಾಡಿಕೊಂಡು, ಫೋನು ಹಿಡಿದು, "ಕೂಟದ ಮನೆಗೆ ಒಂದು ಗಳಿಗೆ ಹೋಗಿ ಬತ್ತೀನಿ" ಎಂದು ಊರಿನ ಹಿರಿಯರು ಸೇರುವ ಕಟ್ಟಡದ ಕಡೆ ಹೊರಟಿದ್ದಳು.

ಆಕೆ ಹೋಗಿ ಹೆಚ್ಚು ಹೊತ್ತಾಗಿರಲಿಲ್ಲ, ಗಿಹೊನ ಫೋನು ಬಡಿದುಕೊಂಡಿತು. ಹಬ್ಬದ ಪಾಳಿಯಲ್ಲಿ ಕಚೇರಿಯಲ್ಲಿ ಕೂತಿದ್ದ ಬಾಂಗ್ ಎಂಬ ಸಹೋದ್ಯೋಗಿ.

"ಸಾರ್, ಹಬ್ಬದ ಶುಭಾಶಯ. ಊಟ ಆಯ್ತಾ? ಏನಿಲ್ಲ, ನಿಮ್ಮೂರ ಹತ್ರ ನೊರು ಘಾಟಿ ಅಂತ ಒಂದಿದೆಯಲ್ಲ, ಅದು ಇದ್ದಕ್ಕಿದ್ದಂಗೆ ರಕ್ತ ಕೆಂಪಾಗಿ ಕೂತಿದೆ. ಅಪಘಾತ ಏನಾದ್ರೂ ಆಗಿದ್ಯಾ?"

ಊರಿಗೆ ಹೊರಗಿನ ಲೋಕದ ಜೊತೆ ಇರುವುದು ಆ ಘಾಟಿ ರಸ್ತೆ ಒಂದೇ. ಚೊಂಜುವಿನಿಂದ ಬರುವವರೂ ಅದರಲ್ಲೇ ಬರಬೇಕು, ಯೊಸುಗೆ ಹೋಗುವವರೂ ಅದರಲ್ಲೇ ಹೋಗಬೇಕು. ದಿನಕ್ಕೆ ಒಂದೆರಡು ಬಸ್ಸು, ಹಾಲಿನ ಗಾಡಿ, ದಾರಿ ತಪ್ಪಿದ ಜಿಂಕೆ ಬಿಟ್ಟರೆ ಅಲ್ಲಿ ದಟ್ಟಣೆ ಮಾಡುವ ಯೋಗ್ಯತೆ ಯಾರಿಗೂ ಇಲ್ಲ.

"ನೊರು ಘಾಟಿನಾ? ಅಲ್ಲಿ ಹೇಗಪ್ಪ ಕೆಂಪಾಗುತ್ತೆ?"

"ನಾಗರಿಕ ವರದಿ ಸಾರ್. ಒಬ್ರಲ್ಲ ಇಬ್ರಲ್ಲ, ಒಂದು ಮೂವತ್ತು ಜನ ಒಂದೇ ಉಸಿರಲ್ಲಿ 'ಇಲ್ಲಿ ಗಾಡಿ ನಿಂತಿದೆ' ಅಂತ ಒತ್ತಿದಾರೆ. ಆದ್ರೆ ಒಂದು ವಿಚಿತ್ರ ಸಾರ್. ಮೂವತ್ತು ಗಾಡೀನೂ ಒಂದೇ ಕಟ್ಟಡದ ಒಳಗೆ ನಿಂತ ಹಾಗೆ ತೋರಿಸ್ತಿದೆ. ಕಟ್ಟಡದ ಹೆಸರು ಹಿರಿಯರ ಕೂಟದ ಮನೆ ಅಂತಿದೆ."

ಗಿಹೊನ ಚಾಚಿದ ಕಾಲು ತಾನಾಗಿ ಮಡಚಿಕೊಂಡಿತು.

ನಾಗರಿಕ ವರದಿ ಅವನದೇ ಕೂಸು. ಹೆದ್ದಾರಿಯಲ್ಲಾದರೆ ಕ್ಯಾಮೆರಾ ಇದೆ, ಸಾವಿರಾರು ಕಾರುಗಳ ಫೋನುಗಳಿವೆ, ಗಾಡಿ ಎಷ್ಟು ವೇಗದಲ್ಲಿ ಓಡುತ್ತಿದೆ ಎಂದು ಫೋನೇ ಹೇಳಿಬಿಡುತ್ತದೆ. ಹಳ್ಳಿ ರಸ್ತೆಯಲ್ಲಿ ಫೋನೇ ಓಡಾಡದಿದ್ದರೆ ಸುದ್ದಿ ಎಲ್ಲಿಂದ ಬರಬೇಕು. ಅದಕ್ಕೇ ಅವನು, ರಸ್ತೆಯ ಪಕ್ಕದಲ್ಲಿ ಇರುವವರೇ ಗುಂಡಿ ಒತ್ತಿ ವರದಿ ಮಾಡಲಿ, ಹತ್ತು ಜನ ಒತ್ತಿದರೆ ರಸ್ತೆ ಕೆಂಪಾಗಲಿ ಎಂಬ ಉಪಾಯ ತಂದಿದ್ದ. ಹಳ್ಳಿಯ ಜನ ಮುಗ್ಧರು, ಸುಳ್ಳು ಹೇಳುವುದಿಲ್ಲ ಎಂದು ಸಭೆಯಲ್ಲಿ ಭಾಷಣ ಮಾಡಿದ್ದ. ಹಳ್ಳಿಯಲ್ಲಿ ಹುಟ್ಟಿಯೂ ಹಾಗೆ ಹೇಳಿದ. ಹೋದ ಹೊಸ ವರ್ಷಕ್ಕೆ ಊರಿಗೆ ಬಂದಾಗ ಕಂಪನಿಯ ಸಮಾಜಸೇವೆ ಎಂದು ಕೂಟದ ಮನೆಯಲ್ಲಿ ಅಜ್ಜಿಯರನ್ನೆಲ್ಲ ಕೂರಿಸಿ ಆ್ಯಪ್ ಹಾಕಿಕೊಟ್ಟು, ಗುಂಡಿ ಒತ್ತುವುದನ್ನು ಒಬ್ಬೊಬ್ಬರ ಬೆರಳು ಹಿಡಿದು ಕಲಿಸಿದ್ದ. ಅದರ ಫೋಟೋ ಕಂಪನಿಯ ಗೋಡೆಯ ಮೇಲಿತ್ತು.

"ಸಾರ್, ನೀವು ಹೇಗೂ ಅಲ್ಲೇ ಇದೀರಲ್ಲ. ಒಂದ್ಸಲ ನೋಡಿ ಸುಳ್ಳು ಅಂದ್ಬಿಡಿ, ಆ ಕ್ಷಣಕ್ಕೇ ಅಳಿಸಿಬಿಡ್ತೀನಿ" ಎಂದ ಬಾಂಗ್.

"ಇರಪ್ಪ, ದುಡುಕಬೇಡ. ನಾನು ಹೋಗಿ ಪರಿಶೀಲಿಸಿ ಹೇಳ್ತೀನಿ" ಎಂದು ಗಿಹೊ ಫೋನಿಟ್ಟ. ಪರಿಶೀಲನೆ ಎನ್ನುವುದು ಇಂಥವರಿಗೆ ದೇವರು ಕೊಟ್ಟ ಪದ.

ಕೂಟದ ಮನೆ ನಾಲ್ಕು ಹೆಜ್ಜೆ ಆಚೆ. ಕೆಳಗಿನಿಂದ ಬಿಸಿ ಮಾಡಿದ ನೆಲದ ಮೇಲೆ ಮೂರು ಹಳ್ಳಿಯ ಅತ್ತೆಯರು ಸುತ್ತ ಕೂತಿದ್ದರು. ನಡುವೆ ಒಣಗಿಸಿದ ಪರ್ಸಿಮನ್ ಹಣ್ಣಿನ ತಟ್ಟೆ. ಕೂಟದ ಅಧ್ಯಕ್ಷೆ ದೊಕ್ಸುನ್ ಅಜ್ಜಿ ಸೇನಾಪತಿಯಂತೆ ಗೋಡೆಗೆ ಒರಗಿ ಕೂತಿದ್ದಳು.

"ಇನ್ನೊಂದು ಸಲ ಒತ್ರವ್ವ, ಬಣ್ಣ ತೆಳ್ಳಗಾಗೋದು ಬ್ಯಾಡ" ಎನ್ನುತ್ತಿದ್ದವಳು ಗಿಹೊನನ್ನು ನೋಡಿ ಮುಖ ಅರಳಿಸಿದಳು. "ಬಾರಪ್ಪ ಮೇಷ್ಟ್ರೇ. ನೀನು ಕಲಿಸಿದ್ದು ಮರ್ತಿಲ್ಲ ನೋಡು ನಾವು."

"ಏನ್ ಮಾಡ್ತಿದೀರಜ್ಜಿ ಇದು? ಘಾಟೀಲಿ ಒಂದು ಗಾಡಿಯೂ ಇಲ್ವಲ್ಲ."

"ಇರ್ಬಾರ್ದು ಅಂತಾನೇ ಒತ್ತಿರೋದು. ಹೋದ ವರ್ಷ ನನ್ ಮಗಳು ಬರೋ ಹೊತ್ಗೆ ಸೊಸೆ ಹೊಂಟೋಗಿದ್ಲು. ನನ್ ಮಗಳಿಗೆ ನಾನೇ ಎದ್ದು ಅನ್ನ ಬಡಿಸ್ಬೇಕಾಯ್ತು, ಈ ಮಂಡಿ ಇಟ್ಕಂಡು. ಬಾಯಿ ಬುಟ್ಟು ಇರು ಅಂದ್ರೆ ಈಗಿನ್ ಹುಡುಗೀರು ಮುಖ ಊದಿಸ್ಕತಾರೆ. ಫೋನು ಹೇಳಿದ್ರೆ ಮಾತ್ರ ತಲೆ ಬಗ್ಗಿಸಿ ಕೇಳ್ತಾರೆ."

"ತಪ್ಪಲ್ವಾ ಅಜ್ಜಿ ಇದು."

"ತಪ್ಪಾದ್ರೆ ನಿಮ್ಮಮ್ಮನ್ನ ಕೇಳು, ಉಪಾಯ ಅವಳ್ದು. ನನ್ ಮಗ ಬಾಯಲ್ಲಿ ಕೆಂಪು ಕೆಂಪು ಅಂತಾನೆ, ಸೊಸೆ ಎಂದಾದ್ರೂ ಫೋನು ಇಸ್ಕಂಡು ನೋಡಿದ್ರೆ ಏನು ಗತಿ, ಅದ್ಕೇ ನಿಜವಾಗ್ಲೂ ಕೆಂಪು ಮಾಡುಮಾ ಅಂದ್ಲು."

ಅಮ್ಮ ಪರ್ಸಿಮನ್ ಅಗಿಯುತ್ತ ಮಗನನ್ನು ನೋಡಿ ಸಣ್ಣಗೆ ನಕ್ಕಳು. ಮಗ ಐದು ವರ್ಷ ಹೇಳಿದ ಸುಳ್ಳು ಆಕೆಗೆ ಮೊದಲಿನಿಂದಲೂ ಗೊತ್ತಿತ್ತು ಎಂದು ಅವನಿಗೆ ಆಗಲೇ ತಿಳಿದದ್ದು. ಅವನಿಗೆ ನಾಚಿಕೆಯಾಯಿತು, ಇಲ್ಲವೆನ್ನಲಾಗದು. ಆದರೆ ಆ ನಾಚಿಕೆ ಬಾಯಿಯವರೆಗೆ ಬರಲಿಲ್ಲ. "ಗಿರಾನ್ ಬರೋವರೆಗೂ ಸುಮ್ನಿದ್ಬುಡು ಮಗಾ, ಆಮೇಲೆ ಹಸುರು ಮಾಡ್ಕೊಳುವಂತೆ" ಎಂದು ಅಮ್ಮ ಎದ್ದು ಅವನ ಜೊತೆಗೇ ಮನೆಗೆ ಬಂದಳು.

ಸೆರಿನ್ ಪಾತ್ರೆ ಮುಗಿಸಿ, ಬಟ್ಟೆ ಬದಲಿಸಿ, ತಂಗಿಗೆಂದು ಕಟ್ಟಿದ ಜೊನ್ ಮತ್ತು ಕಡುಬಿನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಜಗುಲಿಯ ಅಂಚಿನಲ್ಲಿ ಕೂತಿದ್ದಳು. ಬೂಟಿನ ದಾರ ಕೂಡ ಕಟ್ಟಿಯಾಗಿತ್ತು.

"ಹೊರಡೋಣ್ವಾ?" ಎಂದಳು.

ಅಮ್ಮ ಮಗನ ಕಡೆ ತಿರುಗಿದಳು. "ದಾರಿ ಹೆಂಗೈತೆ ಅಂತ ಒಂದ್ಕಿತ ನೋಡ್ಬುಡಪ್ಪ."

ಗಿಹೊ ಫೋನು ತೆಗೆದ. ಒಂದು ಮಾತು ಸಾಕಿತ್ತು. ಬಾಂಗ್‌ನಿಗೆ ಸುಳ್ಳು ಎಂದಿದ್ದರೆ ಘಾಟಿಯ ಕೆಂಪು ಅಳಿದುಹೋಗುತ್ತಿತ್ತು, ಹೆಂಡತಿಗೆ ನಡಿ ಎಂದಿದ್ದರೆ ಕಾರು ಹೊರಡುತ್ತಿತ್ತು. ಇಬ್ಬರೂ ಅವನ ಬಾಯನ್ನೇ ನೋಡುತ್ತಿದ್ದರು. ಅತ್ತ ದರಿ ಇತ್ತ ಪುಲಿ ಎಂದು ತನ್ನ ಬಗ್ಗೆ ತಾನೇ ಮರುಕಪಟ್ಟುಕೊಳ್ಳುವುದು ಅವನ ಹಳೆಯ ಅಭ್ಯಾಸ. ಎರಡು ಹೆಂಗಸರ ನಡುವೆ ಸಿಕ್ಕ ಬಡಪಾಯಿ ಎಂದು ಅವನು ತಿಳಿದುಕೊಂಡಿದ್ದ. ನಿಜ ಹೇಳಬೇಕೆಂದರೆ ಅಲ್ಲಿ ಸಿಕ್ಕಿಹಾಕಿಕೊಂಡಿದ್ದವಳು ಒಬ್ಬಳೇ, ಅವಳ ತೊಡೆಯ ಮೇಲೆ ಗಂಟಿತ್ತು.

"ಕೆಂಪಿದೆ" ಎಂದ. ನಕ್ಷೆಯನ್ನು ತಿರುಗಿಸಿ ತೋರಿಸಿದ ಕೂಡ. ಐದು ವರ್ಷಗಳಲ್ಲಿ ಮೊದಲ ಸಲ ಸುಳ್ಳು ಹೇಳದೆ ಹೇಳಿದ್ದಕ್ಕೆ ಅವನಿಗೆ ಒಳಗೊಳಗೆ ಸ್ವಲ್ಪ ಸಮಾಧಾನವೂ ಆಯಿತು.

ಸೆರಿನ್ ಆ ಕೆಂಪು ಗೆರೆಯನ್ನು ನೋಡಿದಳು. ಘಾಟಿಯ ಈ ತುದಿಯಿಂದ ಆ ತುದಿಯವರೆಗೆ ಹಾವಿನಂತೆ ಬಿದ್ದಿತ್ತು. ಅವಳ ಕಣ್ಣಲ್ಲಿ ನೀರು ಬಂತು.

"ಕಾದು ನೋಡೋಣ. ಒಂದು ಗಂಟೇಲಿ ಸರಿಹೋಗಬಹುದು" ಎಂದ ಗಿಹೊ.

"ಗುಡ್ಡ ಕುಸಿದ್ರೂ ಹತ್ತಿ ಹೋಗೋಣ ಅಂದಿದ್ದೆ."

"ಅದು ಸರಿ ಸೆರಿನ್, ಆದ್ರೆ ಗಾಡಿಗಳ ಮೇಲೆ ಹತ್ತಿ ಹೋಗಕ್ಕಾಗಲ್ವಲ್ಲ."

ಅವನು ಇಷ್ಟು ಚೆನ್ನಾಗಿ ಮಾತಾಡುವುದು ಅಪರೂಪ. ಅಮ್ಮ ಸೊಸೆಯ ಬೆನ್ನು ಸವರಿ, "ಏಳವ್ವ, ಹಣ್ಣಾದ್ರೂ ಹೆಚ್ಚಿಡು, ಗಿರಾನ್ ಇನ್ನೇನು ಬಂದ್ಬುಡ್ತಾಳೆ" ಎಂದಳು. ಸೆರಿನ್ ಬೂಟು ಬಿಚ್ಚಿದಳು. ಗಂಟನ್ನು ಕಂಬದ ಬುಡದಲ್ಲಿಟ್ಟು, ಚಾಕು ತೆಗೆದುಕೊಂಡು, ಕೊರಿಯಾದ ಹಬ್ಬಕ್ಕೆಂದೇ ಮಗುವಿನ ತಲೆಯಷ್ಟು ದೊಡ್ಡದಾಗಿ ಬೆಳೆಯುವ ಪಿಯರ್ ಹಣ್ಣೊಂದನ್ನು ಹೆರೆಯಲು ಕೂತಳು. ಗಿಹೊ ಪಕ್ಕದಲ್ಲೇ ಕೂತು ನಕ್ಷೆಯನ್ನು ಬೆರಳಿನಿಂದ ಹಿಗ್ಗಿಸುತ್ತ ಕುಗ್ಗಿಸುತ್ತ ಇದ್ದ, ಹಾಗೆ ಮಾಡಿದರೆ ದಾರಿ ಬಿಟ್ಟುಕೊಡುತ್ತದೆ ಎನ್ನುವಂತೆ.

ಹಣ್ಣಿನ ಸಿಪ್ಪೆ ಅರ್ಧ ಇಳಿದಿತ್ತು, ಅಷ್ಟರಲ್ಲಿ ಅಮ್ಮನ ಫೋನು ಮೊಳಗಿತು. ಕಿವಿ ಮಂದವಾದ ಮೇಲೆ ಆಕೆ ಎಲ್ಲವನ್ನೂ ಇಡೀ ಕೇರಿಗೆ ಕೇಳುವಂತೆ ಸ್ಪೀಕರಿನಲ್ಲೇ ಮಾತಾಡುವುದು.

"ಅಮ್ಮಾ, ನಾನು ಗಿರಾನ್. ಇವತ್ತು ಬರಕ್ಕಾಗಲ್ಲಮ್ಮ."

"ಯಾಕೆ, ಏನಾಯ್ತು?"

"ಏನಿಲ್ಲ, ನಮ್ಮತ್ತೆ ಆ್ಯಪ್ ನೋಡಿದ್ರು. ನಿಮ್ಮೂರ ಘಾಟಿ ಪೂರ್ತಿ ಕೆಂಪಿದೆಯಂತೆ, ಗಾಡಿಗಳು ಅಲ್ಲಾಡ್ತಾನೇ ಇಲ್ವಂತೆ. ನಾನ್ಯಾಕೆ ಬೇಡ ಅನ್ಲಿ, ಫೋನು ಹೇಳ್ತಿದೆ, ನಾಳೆ ತಣ್ಣಗೆ ಹೋಗು ಅಂತಿದಾರೆ. ಸಂಜೆಗೆ ಅವ್ರ ಮಗಳು ಬರ್ತಾಳಂತೆ, ಹಣ್ಣು ಹೆಚ್ಚಿಡು ಅಂದ್ರು."

ಅಮ್ಮನ ಮುಖ ನೋಡಬೇಕಿತ್ತು. ಚೊಂಜುವಿನ ಆ ಹೆಂಗಸು ತನ್ನ ಮಾತನ್ನೇ ಕದ್ದು ತನ್ನ ಮಗಳ ಮೇಲೆ ಬಿಟ್ಟಿದ್ದಾಳೆ ಎನ್ನುವ ಕೋಪ ನೆತ್ತಿಗೇರಿತು.

"ಎಂಥ ಹೆಂಗ್ಸೇ ಅವ್ಳು. ಹಬ್ಬದ ದಿನ ಹೆಣ್ಮಗೀನ ತವರಿಗೆ ಕಳ್ಸಕ್ಕೆ ಅವಳ ಗಂಟೇನು ಹೋಗ್ತದೆ? ದಾರಿ ಖಾಲಿ ಐತೆ, ಈಗಿಂದೀಗ್ಲೇ ಹೊರಡು ನೀನು."

"ಕೆಂಪಿದೆ ಅಂತ ಕಾಣ್ತಿದೆಯಲ್ಲಮ್ಮ. ಅಣ್ಣನ ಕಂಪನೀದೇ ಆ್ಯಪ್."

"ಅಣ್ಣನ ಕಂಪನಿ ಮನೆ ಹಾಳಾಗ. ಅದ್ನ ಒತ್ತಿದ್ದು ನಾವು ಕಣೇ, ಕೂಟದ ಮನೇಲಿ ಕೂತ್ಕಂಡು. ಘಾಟೀಲಿ ಒಂದು ನಾಯಿನೂ ಇಲ್ಲ. ಬೇಕಾದ್ರೆ ನಿಮ್ಮಣ್ಣನ್ನ ಕೇಳು, ಅವನು ಬಂದು ನೋಡ್ಕಂಡೇ ಹೋಗವ್ನೆ."

ಹೇಳಿದ ಮೇಲೆ ಆಕೆಗೆ ಪಕ್ಕದಲ್ಲಿ ಸೊಸೆ ಕೂತಿರುವುದು ನೆನಪಾಯಿತು. ಚಾಕು ನಿಂತಿತ್ತು.

ಸೆರಿನ್ ಅತ್ತೆಯ ಕಡೆ ನೋಡಲೇ ಇಲ್ಲ. ಗಂಡನನ್ನು ನೋಡಿದಳು. ಅಳುತ್ತಿರಲಿಲ್ಲ. ಲ್ಯಾಬಿನಲ್ಲಿ ಅಚ್ಚಿಗೆ ಸರಿಯಾಗಿ ಕೂರದ ಹಲ್ಲನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ ಅವನನ್ನು ನೋಡಿದಳು.

"ನಿಮಗೆ ಗೊತ್ತಿತ್ತಾ?"

"ಈಗ ತಾನೆ ಗೊತ್ತಾಯ್ತು. ಪರಿಶೀಲನೆ ಮಾಡ್ತಾ ಇದ್ದೆ."

"ಹೋದ ವರ್ಷ?"

ಅವನು ಫೋನನ್ನು ಮಗುಚಿ ನೆಲದ ಮೇಲಿಟ್ಟ. ಅದರ ಹಿಂದಿನ ವರ್ಷದ್ದನ್ನು ಅವಳು ಕೇಳಲೂ ಇಲ್ಲ. ಹಣ್ಣನ್ನು ಅರ್ಧ ಸಿಪ್ಪೆಯ ಸಮೇತ ತಟ್ಟೆಯಲ್ಲಿಟ್ಟಳು. ಎದ್ದು ಮೊಳೆಗೆ ನೇತುಹಾಕಿದ್ದ ಗಂಡನ ಕೋಟಿನ ಜೇಬಿನಿಂದ ಕಾರಿನ ಕೀ ತೆಗೆದುಕೊಂಡು, ಗಂಟನ್ನು ಎತ್ತಿಕೊಂಡು, ಬೂಟಿಗೆ ಕಾಲು ತೂರಿಸಿದಳು. ಈ ಸಲ ದಾರ ಕಟ್ಟುವ ಗೋಜಿಗೆ ಹೋಗಲಿಲ್ಲ.

"ಬರ್ತೀರಾ?"

ಅಷ್ಟಾದ ಮೇಲೂ ಕೇಳಿದಳು, ಅದು ಅವಳ ದೊಡ್ಡತನ. ಗಿಹೊ ಅಮ್ಮನ ಕಡೆ ನೋಡಿದ. ಅಮ್ಮ ಗೋಡೆ ನೋಡುತ್ತಿದ್ದಳು. "ಆಫೀಸಿಗೆ ಒಂದು ಮಾತು ಹೇಳ್ಬಿಡ್ತೀನಿ, ಬಾಂಗ್ ಕಾಯ್ತಿರ್ತಾನೆ, ಎರಡು ನಿಮಿಷ" ಎಂದು ಅವನು ಫೋನಿನಲ್ಲಿ ಹೆಸರು ಹುಡುಕತೊಡಗಿದ. ಹೆಸರು ಸಿಗುವ ಮೊದಲೇ ಅಂಗಳದಲ್ಲಿ ಕಾರು ಹಿಂದೆ ಸರಿದು, ತಿರುಗಿ, ಓಣಿ ದಾಟಿಹೋದ ಸದ್ದು ಕೇಳಿಸಿತು.

ಅವನು ಬಾಂಗ್‌ನಿಗೆ ಫೋನು ಮಾಡಲಿಲ್ಲ. ಮಾಡಬೇಕಾದ ಅಗತ್ಯವೇ ಉಳಿಯಲಿಲ್ಲ. ಕೂತಲ್ಲಿಂದ ಒತ್ತಿದ ಮೂವತ್ತು ಬೆರಳುಗಳಿಗಿಂತ ರಸ್ತೆಯ ಮೇಲೆ ಓಡುತ್ತಿರುವ ಒಂದೇ ಒಂದು ಫೋನನ್ನು ಆ್ಯಪ್ ಹೆಚ್ಚು ನಂಬುತ್ತದೆ. ಅದನ್ನು ಹಾಗೆ ಮಾಡಿದವನೂ ಅವನೇ. ಆದರೆ ಕೆಂಪು ನೋಡಿ ಮೂರು ಹಳ್ಳಿಗಳಲ್ಲಿ ಯಾರೂ ಕಾರು ತೆಗೆದಿರಲಿಲ್ಲ, ಆದ್ದರಿಂದ ಕೆಂಪು ಕೆಂಪಾಗಿಯೇ ಕೂತಿತ್ತು. ಈಗ ಘಾಟಿಯ ಬುಡದಲ್ಲಿ ಗೆರೆಯ ತುದಿ ಹಸಿರಾಯಿತು. ಗಿಹೊ ನೋಡುತ್ತಿದ್ದಂತೆ ಹಸಿರು ಒಂದು ತಿರುವು ಏರಿತು, ಇನ್ನೊಂದು ತಿರುವು ಏರಿತು. ಒಂದೇ ಒಂದು ಕಾರು ಮುಂದೆ ಮುಂದೆ ಹೋಗುತ್ತಿತ್ತು, ಅದರ ಹಿಂದೆ ದಾರಿ ತೊಳೆದಂತೆ ಚೊಕ್ಕಟವಾಗುತ್ತ ಹೋಗುತ್ತಿತ್ತು. ತನ್ನ ಹೆಂಡತಿ ಇಷ್ಟು ಜೋರಾಗಿ ಕಾರು ಓಡಿಸುತ್ತಾಳೆಂದು ಅವನಿಗೆ ಗೊತ್ತೇ ಇರಲಿಲ್ಲ. ಎದ್ದು ಓಡಿದರೆ ಸಿಗುತ್ತಾಳೇನೋ ಎನ್ನಿಸಿತು, ಕಾರಿನ ಹಿಂದೆ ಓಡಿದವರು ಇಲ್ಲಿಯವರೆಗೆ ಊರ ನಾಯಿಗಳು ಮಾತ್ರ ಎನ್ನುವುದೂ ನೆನಪಾಯಿತು, ಕೂತೇ ಇದ್ದ.

ಹಸಿರು ಘಾಟಿಯ ನೆತ್ತಿ ದಾಟುವ ಹೊತ್ತಿಗೆ ಕೇರಿಯಲ್ಲಿ ಒಂದೊಂದೇ ಕಾರಿನ ಬಾಗಿಲು ಬಡಿಯುವ ಸದ್ದು ಕೇಳತೊಡಗಿತು. ಊರಿನ ಉಳಿದ ಸೊಸೆಯರೂ ಫೋನು ನೋಡುತ್ತಲೇ ಕೂತಿದ್ದರೆಂದು ಕಾಣುತ್ತದೆ. ಕೂಟದ ಮನೆಯ ಕಡೆಯಿಂದ ದೊಕ್ಸುನ್ ಅಜ್ಜಿ, "ಒತ್ರೇ, ಒತ್ರೇ" ಎಂದು ಕೂಗುತ್ತಿದ್ದದ್ದು ಕೇಳಿಸಿತು, ಆಮೇಲೆ ಅದೂ ನಿಂತಿತು. ಮಗಳಂದಿರನ್ನು ಒಳಗೆ ಬಿಟ್ಟುಕೊಳ್ಳಬೇಕಾದರೆ ಸೊಸೆಯಂದಿರನ್ನು ಹೊರಗೆ ಬಿಡಲೇಬೇಕು, ದಾರಿ ಇರುವುದು ಒಂದೇ ಎಂಬ ಸರಳ ಲೆಕ್ಕ ಅಷ್ಟು ಹೊತ್ತಿಗೆ ಅಲ್ಲಿಯೂ ತಿಳಿದಿರಬೇಕು.

ಸಂಜೆಗೆ ಗಿರಾನ್ ಬಂದಳು. ಅವಳ ಅತ್ತೆಗೆ ಹಸಿರು ಗೆರೆಯ ಎದುರು ಹೇಳುವುದಕ್ಕೆ ಏನೂ ಉಳಿದಿರಲಿಲ್ಲವಂತೆ. ಬಂದವಳೇ ಬೂಟು ಬಿಚ್ಚುತ್ತ, "ಅತ್ತಿಗೆ ಎಲ್ಲಿ?" ಎಂದಳು.

"ತವರಿಗೆ ಕಳಿಸ್ದೆ" ಎಂದಳು ಅಮ್ಮ, ಕಣ್ಣು ಮಿಟುಕಿಸದೆ. "ಹಬ್ಬದ ದಿನ ಹೆಣ್ಮಗ್ಳು ತವರಿಗೆ ಹೋಗ್ಬೇಕಲ್ವಾ. ನಾನೇನು ನಿಮ್ಮತ್ತೆ ಥರ ಹಳೇ ಕಾಲದೋಳಾ?"

ಗಿರಾನ್ ಜೊನ್ ಕೇಳಿದಳು, ಬಿಸಿ ಮಾಡುವವರು ಯಾರೂ ಇರಲಿಲ್ಲ. ಅಮ್ಮನ ಮಂಡಿ ಆ ಕ್ಷಣಕ್ಕೆ ಸರಿಯಾಗಿ ನೋಯತೊಡಗಿತು. ಗಿಹೊ ಎದ್ದು ಹೋಗಿ ಒಲೆ ಹಚ್ಚಿದ, ಎರಡು ಜೊನ್ ಸುಟ್ಟ, ಅರ್ಧ ಹೆರೆದ ಹಣ್ಣು ಕಪ್ಪಾಗಿದ್ದರಿಂದ ಇನ್ನೊಂದನ್ನು ತೆಗೆದು ಸಿಪ್ಪೆಯ ಜೊತೆ ತಿರುಳನ್ನೂ ಅರ್ಧ ಹೆರೆದುಹಾಕಿದ. "ಅಣ್ಣ, ಹಣ್ಣು ಹೆರೀತಿದೀಯೋ ಪೆನ್ಸಿಲ್ ಚೂಪು ಮಾಡ್ತಿದೀಯೋ" ಎಂದು ಗಿರಾನ್ ನಕ್ಕಳು. ಅವನ ಕಣ್ಣು ತಟ್ಟೆಯ ಪಕ್ಕದಲ್ಲಿಟ್ಟ ಫೋನಿನ ಮೇಲಿತ್ತು.

ಫೋನು ಬಂದಾಗ ಹೊರಗೆ ಹಬ್ಬದ ಚಂದ್ರ ಮೂಡಿದ್ದ. ಗಿಹೊ ಒದ್ದೆ ಕೈಯಲ್ಲೇ ಎತ್ತಿಕೊಂಡು ಹಿತ್ತಲಿಗೆ ಹೋದ. ಆ ಕಡೆಯಿಂದ ತಟ್ಟೆಗಳ ಸದ್ದು, ಯಾರೋ ಗಹಗಹಿಸಿ ನಗುವ ಸದ್ದು, ಸೆಯುನ್‌ಳ ಹಡಗಿನ ಸೈರನ್ನಿನಂಥ ಗಂಟಲು, ಅವರಮ್ಮ ಏನೋ ಬೈಯುತ್ತಿದ್ದದ್ದು ಎಲ್ಲ ಒಟ್ಟಿಗೆ ಕೇಳಿಸಿತು.

"ಮುಟ್ಟಿದೆ ಅಂತ ಹೇಳಕ್ಕೆ ಮಾಡ್ದೆ" ಎಂದಳು ಸೆರಿನ್. "ಮುಟ್ಟಿ ತುಂಬ ಹೊತ್ತಾಯ್ತು. ಊಟ ಆಯ್ತು. ಈಗ ಇವಳನ್ನ ಬಂದರಿಗೆ ಬಿಡಕ್ಕೆ ಹೊರಡ್ತಿದೀವಿ. ನೀವು ನಾಳೆ ಬಸ್ಸಲ್ಲಿ ಸಿಯೋಲ್‌ಗೆ ಹೋಗಿ. ನಾನು ಯಾವಾಗ ಬರ್ತೀನಿ ಅಂತ ಇನ್ನೂ ಯೋಚನೆ ಮಾಡಿಲ್ಲ."

ಕ್ಷಮಿಸು ಎನ್ನಬೇಕೆಂದು ಅವನು ಸಂಜೆಯಿಂದ ಬಾಯಿಪಾಠ ಮಾಡಿಕೊಂಡಿದ್ದ. ಬಾಯಿಗೆ ಬಂದದ್ದು ಕಸುಬಿನ ಮಾತು.

"ದಾರಿ ಹೇಗಿತ್ತು?"



"ಖಾಲಿ ಇತ್ತು. ಇವಳೂ ಅದನ್ನೇ ಕೇಳಿದ್ಲು. ಇಷ್ಟು ಬೇಗ ಬಂದ್ಯಲ್ಲಕ್ಕ, ಹಾಗಾದ್ರೆ ಐದು ವರ್ಷ ದಾರೀಲಿ ಅಡ್ಡ ಏನಿತ್ತು ಅಂತ." ಹಿಂದೆ ಯಾರೋ ಕಾರಿನ ಬಾಗಿಲು ತೆಗೆದರು. "ನಿನ್ನ ಭಾವ ಇದ್ರು ಅಂದೆ."